ಬಾಂಡಿಗೆ ಸಹಿ ಹಾಕುವ ಮುಂಚೆ



ರಾಜರಾಜೇಶ್ವರಿನಗರದ ಆರ್ಚ್ ಹತ್ತಿರ ಬಸ್ಸಿಳಿದು ಕೆಲಸ ಹುಡುಕಿ ಹೋಗುವ ನಮ್ಮ ಹಾಸ್ಟೆಲ್ ಹುಡುಗರ ಕೈಗೆ ಆರ್ಡರ್‌ಗಿಂತ ಮೊದಲು ಸ್ಟಾಂಪ್ ಪೇಪರ್ ಬರುತ್ತದೆ. ಇಷ್ಟು ವರ್ಷ ಬಿಟ್ಟು ಹೋಗಬಾರದು, ಹೋದರೆ ಇಷ್ಟು ಲಕ್ಷ ಕಟ್ಟಬೇಕು. ಹೋದ ಮೇಲೂ ಇದೇ ಕೆಲಸದ ಬೇರೆ ಕಂಪನಿ ಸೇರಬಾರದು. ಜಾಮೀನಿಗೆ ಅಪ್ಪ ಬರಬೇಕು. ಸಾಹುಕಾರರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಸವೆದ ಅಪ್ಪ! ನಾವು ಓದಿದ್ದು ಆ ಹೆಬ್ಬೆಟ್ಟನ್ನ ಮತ್ತೆ ಮಸಿಗೆ ಅದ್ದಿಸೋಕಾ?

ಹೋದ ಮೇಲಿನ ಷರತ್ತಿಗೆ ಹೆದರಬೇಕಿಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕಾನೂನಿಗೆ ಒಪ್ಪುವ ಕಸುಬನ್ನು ತಡೆಯುವ ಕರಾರು ಅಷ್ಟರ ಮಟ್ಟಿಗೆ ಊರ್ಜಿತವಲ್ಲ. ದೊಡ್ಡಣ್ಣ ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ಇಷ್ಟೂ ಇಲ್ಲ. ಇಂಥ ಷರತ್ತುಗಳನ್ನು ದೇಶದಾದ್ಯಂತ ನಿಷೇಧಿಸುವ ನಿಯಮವನ್ನು ಅಲ್ಲಿನ ವ್ಯಾಪಾರ ಆಯೋಗ 2024ರ ಏಪ್ರಿಲ್‌ನಲ್ಲಿ ತಂದಿತು. ಮಾಲೀಕರ ಸಂಘದವರು ಕೋರ್ಟಿಗೆ ಓಡಿದರು. ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ನ್ಯಾಯಾಧೀಶರೊಬ್ಬರು ಅದನ್ನು ಹೊಡೆದುಹಾಕಿದರು. 2025ರಲ್ಲಿ ಆಯೋಗವೇ ಮೇಲ್ಮನವಿ ಕೈಬಿಟ್ಟಿತು.

ನಮ್ಮ ಕುತ್ತಿಗೆಗೆ ಬರೋದು ಕೆಲಸದಲ್ಲಿರುವಾಗಿನ ಬಾಂಡ್. ವಿಜಯಾ ಬ್ಯಾಂಕಿನ ಒಬ್ಬ ಅಧಿಕಾರಿ 2007ರಲ್ಲಿ ಮೂರು ವರ್ಷದ ಬಾಂಡ್ ಮೇಲೆ ಸೀನಿಯರ್ ಮ್ಯಾನೇಜರ್ ಆದರು. 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟರು, ತಕರಾರಿನೊಂದಿಗೇ 2 ಲಕ್ಷ ಕಟ್ಟಿದರು. ಕರ್ನಾಟಕ ಹೈಕೋರ್ಟು ಅವರ ಪರ ನಿಂತಿತು. 2025ರ ಮೇ 14ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು: ಸರ್ಕಾರಿ ಬ್ಯಾಂಕು ಖರ್ಚು ಮಾಡಿ ಬಹಿರಂಗ ನೇಮಕಾತಿ ನಡೆಸಬೇಕು, ಒಳ್ಳೆ ಸಂಬಳದ ಅಧಿಕಾರಿಗೆ 2 ಲಕ್ಷ ಹೆಚ್ಚೇನಲ್ಲ.

ಅವರಿಗೆ ಹೆಚ್ಚಲ್ಲ, ಒಪ್ಪಿದೆವು. ಮೊದಲ ಸಂಬಳದಲ್ಲಿ ಅಮ್ಮನ ಸಾಲ ತೀರಿಸುವವನಿಗೆ? ಈ ತೀರ್ಪನ್ನು ತೋರಿಸಿ ಖಾಸಗಿ ಕಂಪನಿಯವನು ಇಪ್ಪತ್ತೆರಡರ ಹುಡುಗನ್ನ ಬೆದರಿಸಿದರೆ ನಾವು ಸುಮ್ಮನಿರಬೇಕೆ? ಅವನು ಯಾವ ನೇಮಕಾತಿ ಪರೀಕ್ಷೆ ನಡೆಸಿದ್ದ?

ಬಾಂಡನ್ನ ಜೀತ ಅಂದರೆ ವಕೀಲರು ನಗುತ್ತಾರೆ. ನಗಲಿ. ಮುಂಗಡಕ್ಕೋ ಜಾತಿಯ ಕಟ್ಟಿಗೋ ಸಿಕ್ಕಿ ಇಂತಿಷ್ಟು ಕಾಲ ಬೇರೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಳ್ಳುವುದನ್ನೂ 1976ರ ಜೀತ ನಿರ್ಮೂಲನ ಕಾಯ್ದೆ ಜೀತವೆಂದೇ ಎಣಿಸುತ್ತದೆ. ಮುಂಗಡದ ಜಾಗದಲ್ಲಿ ಈಗ 'ಟ್ರೈನಿಂಗ್ ಖರ್ಚು' ಅಂತ ಬರೆದಿರುತ್ತದೆ. ನಮ್ಮ ಗೆಳೆಯನೊಬ್ಬನ ಅಸಲು ಮಾರ್ಕ್ಸ್ ಕಾರ್ಡು ಇವತ್ತಿಗೂ ಒಂದು ಆಫೀಸಿನ ಬೀರುವಿನಲ್ಲಿದೆ.

ಅದೇ ಕರಾರು ಕಾಯ್ದೆಯ 74ನೇ ಕಲಂ ಓದಿಕೊಳ್ಳಿ. ಬಾಂಡಿನಲ್ಲಿ ಎಷ್ಟೇ ಲಕ್ಷ ಬರೆದಿರಲಿ, ಆ ಮಿತಿಯೊಳಗೆ ನ್ಯಾಯವೆನಿಸುವ ಪರಿಹಾರವನ್ನಷ್ಟೇ ಕೋರ್ಟು ಕೊಡಿಸಬಹುದು. ಅಸಲು ಸರ್ಟಿಫಿಕೇಟು ಕೊಡಬೇಡಿ. ಸಹಿಗೆ ಮುಂಚೆ ಆ ಹಾಳೆಯ ಜೆರಾಕ್ಸ್ ಮಾಡಿಸಿಕೊಂಡು ಹಾಸ್ಟೆಲ್ಲಿಗೆ ತನ್ನಿ, ಕೂತು ಓದೋಣ.