ವಡಾ ಪಾವ್: ಗೂಡಿನ ಹೊಗೆಯ ಬೆಲೆ ಯಾರ ತಲೆಗೆ?

ವಡಾ ಪಾವ್ ತಿಂದವರು ಹೊಗಳುವುದು ವಡೆಯನ್ನು, ಒಣ ಬೆಳ್ಳುಳ್ಳಿ ಚಟ್ನಿಯನ್ನು. ಆದರೆ ಅದನ್ನು ಹೊಟ್ಟೆ ತುಂಬಿಸುವ ತಿನಿಸಾಗಿಸಿದ್ದು ಪಾವ್. ಮುಂಬೈಯಲ್ಲಿ ಈಗ ಬಿಕ್ಕಟ್ಟು ತಲೆದೋರಿರುವುದೂ ಅಲ್ಲಿಯೇ.

ನಗರದ ವಾಯುಮಾಲಿನ್ಯದ ಕುರಿತು 2023ರಲ್ಲಿ ಸ್ವಯಂಪ್ರೇರಿತ ವಿಚಾರಣೆ ಕೈಗೆತ್ತಿಕೊಂಡ ಬಾಂಬೆ ಹೈಕೋರ್ಟ್, ಕಟ್ಟಿಗೆ ಹಾಗೂ ಇದ್ದಿಲು ಉರಿಸುವ ಬೇಕರಿಗಳು 6 ತಿಂಗಳೊಳಗೆ ಅನಿಲ ಅಥವಾ ಇತರ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು 2025ರ ಜನವರಿಯಲ್ಲಿ ಆದೇಶಿಸಿತು. ಮಹಾನಗರ ಪಾಲಿಕೆಯೂ ನೋಟಿಸ್ ನೀಡಿತು.

ಆದೇಶದ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಅಗ್ಗವೆಂಬ ಕಾರಣಕ್ಕೆ ಹಲವು ಗೂಡುಗಳಲ್ಲಿ ಉರಿಯುವುದು ಮುರಿದ ಪೀಠೋಪಕರಣ, ಹಳೆಯ ಮರಮುಟ್ಟು. ಬಣ್ಣ, ಪಾಲಿಶ್ ಹತ್ತಿದ ಆ ಮರದ ಹೊಗೆ ಮೊದಲು ಸೇರುವುದು ಗೂಡಿನ ಮುಂದೆ ನಿಂತ ಕೆಲಸಗಾರನ, ಪಕ್ಕದ ಚಾಳಿನ ನಿವಾಸಿಗಳ ಶ್ವಾಸಕೋಶಕ್ಕೆ.

ಪ್ರಶ್ನೆ ಇರುವುದು ಖರ್ಚಿನದು. ಇಟ್ಟಿಗೆಯ ಗೂಡು ಒಡೆದು ಹೊಸ ಒಲೆ ಕೂರಿಸಲು ಬಂಡವಾಳ ಬೇಕು. ಇಕ್ಕಟ್ಟಾದ ಗಲ್ಲಿಗೆ ಅನಿಲದ ಕೊಳವೆ ತರುವುದೂ ಸುಲಭವಲ್ಲ. ಬೇಕರಿ ಮಾಲೀಕರು ಹೆಚ್ಚಿನ ಕಾಲಾವಕಾಶ ಕೋರಿದ್ದು ಇದಕ್ಕಾಗಿಯೇ. 2001ರಲ್ಲಿ ಆರಂಭವಾದ ಜಂಬೋ ಕಿಂಗ್, 2004ರ ಗೋಲಿ ವಡಾ ಪಾವ್‌ನಂತಹ ಸರಣಿ ಮಳಿಗೆಗಳು ಪಾವ್‌ನ ಏರಿದ ದರವನ್ನು ತಾಳಿಕೊಂಡಾವು. ನಿಲ್ದಾಣದ ಹೊರಗಿನ ಗಾಡಿಯವನಿಗೆ ಒಂದು ರೂಪಾಯಿ ಏರಿಸಿದರೂ ಗಿರಾಕಿ ತಪ್ಪುವ ಭಯ.

ಈ ತಿನಿಸಿನ ಹಿಂದೆ ರಾಜಕಾರಣದ ನೆರಳೂ ಇದೆ. 1966ರ ಸುಮಾರಿಗೆ ದಾದರ್ ನಿಲ್ದಾಣದ ಬಳಿ ಅಶೋಕ್ ವೈದ್ಯ ಇದನ್ನು ಮೊದಲು ಮಾರಿದರೆಂಬುದು ಪ್ರಚಲಿತ ನಂಬಿಕೆ. ಅದೇ ವರ್ಷ ಹುಟ್ಟಿದ ಶಿವಸೇನೆ, ಉಡುಪಿ ಹೋಟೆಲುಗಳೂ ಸೇರಿದಂತೆ ದಕ್ಷಿಣದವರ ವಿರುದ್ಧ ಕೂಗೆಬ್ಬಿಸಿ, ಮರಾಠಿ ಯುವಕರಿಗೆ ವಡಾ ಪಾವ್ ಗಾಡಿ ಹಾಕುವಂತೆ ಹುರಿದುಂಬಿಸಿತು. (ಉಡುಪಿ ಹೋಟೆಲುಗಳು ಉಳಿದವು, ಹಲವೆಡೆ ಅಲ್ಲಿಯೂ ವಡಾ ಪಾವ್ ಸಿಗುತ್ತದೆ.) 1982ರಲ್ಲಿ ಆರಂಭವಾದ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರ ಮುಷ್ಕರ ವಿಫಲವಾದಾಗ ಕೆಲಸ ಕಳೆದುಕೊಂಡ ಎಷ್ಟೋ ಮಂದಿ ಇದೇ ಗಾಡಿಗಳ ಮೊರೆಹೊಕ್ಕರು. 2008ರಲ್ಲಿ ಶಿವಸೇನೆ 'ಶಿವ ವಡಾ'ವನ್ನೇ ಪಕ್ಷದ ಕಾರ್ಯಕ್ರಮವಾಗಿಸಿತು.

ಗಾಡಿಯ ಮೇಲೆ ತೋರಿದ ಆ ಉತ್ಸಾಹ ಪಾವ್ ಬೇಯುವ ಗೂಡಿನತ್ತ ಹರಿದಿಲ್ಲ. ಸಣ್ಣ ಬೇಕರಿಗಳಿಗೆ ಕಡಿಮೆ ಬಡ್ಡಿಯ ಸಾಲ, ಹಂತಹಂತದ ಗಡುವು, ಅನಿಲ ಸಂಪರ್ಕದಲ್ಲಿ ಆದ್ಯತೆ ಒದಗದಿದ್ದರೆ ಶುದ್ಧ ಗಾಳಿಯ ಖರ್ಚು ಸಂಜೆಯ ಲೋಕಲ್ ಹಿಡಿಯುವ ಮುನ್ನ ನಿಂತಲ್ಲೇ ಹಸಿವು ನೀಗಿಸಿಕೊಳ್ಳುವ ಕೂಲಿಕಾರನ ಜೇಬಿನಿಂದಲೇ ಹೋಗುತ್ತದೆ.