ಕಾಸರಗೋಡಿಗೆ ಮಾಸ್ತರರು ಬೇಕು

ನವೆಂಬರ್ ಬಂತೆಂದರೆ ಘಾಟ್ಕೋಪರಿನ ನಾವು ಕಾಸರಗೋಡು ಕರ್ನಾಟಕಕ್ಕೆ ಸೇರಲೆಂದು ಠರಾವು ಪಾಸು ಮಾಡಿ, ಉಪ್ಪಿಟ್ಟು ತಿಂದು ಲೋಕಲ್ ಹಿಡಿಯುತ್ತೇವೆ. 1956ರಲ್ಲಿ ಅದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ವರದಿ ಕಡತದಲ್ಲೇ ಮಲಗಿತು. (ಕಡತ ಹೇಗೆ ಮಲಗುತ್ತದೆಂದು ಸರಕಾರಿ ಗುಮಾಸ್ತನಾದ ನನಗೆ ಯಾರೂ ಹೇಳಿಕೊಡಬೇಕಿಲ್ಲ.) ಈ ನಡುವೆ ಅಲ್ಲಿನ ಕನ್ನಡ ಶಾಲೆಗಳಿಗೆ ಕನ್ನಡವೇ ಬಾರದ ಶಿಕ್ಷಕರನ್ನು ನೇಮಿಸಿದ್ದುಂಟು, ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದೂ ಉಂಟು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿಯಲ್ಲೇ ಇದೆ. ಗಡಿ ಬದಲಿಸುವುದು ಪಾರ್ಲಿಮೆಂಟಿನ ಕೆಲಸ. ಇದಕ್ಕೆ ಸರಿಯಾದ ನೇಮಕಾತಿ ಆದೇಶ ಸಾಕು. ಮಂಜೇಶ್ವರದ ಗೋವಿಂದ ಪೈಗಳ ಹೆಸರೆತ್ತಿ ಚಪ್ಪಾಳೆ ಗಿಟ್ಟಿಸುವವರೇ, ಅವರನ್ನು ಓದಬಲ್ಲ ಮಕ್ಕಳು ನಾಳೆ ಅಲ್ಲಿ ಎಷ್ಟು ಮಂದಿ? ಈ ಸಲದ ಠರಾವು ತಿರುವನಂತಪುರದ ಶಿಕ್ಷಣ ಇಲಾಖೆಗೆ ಹೋಗಲಿ, ಸ್ಪೀಡ್ ಪೋಸ್ಟಿನಲ್ಲಿ.