ಧರ್ಮರಾಯನ ನಾಯಿಯೂ ಭೋಗ್ಯದ ಮನೆಯೂ

ನಾಯಿಯನ್ನು ಬಿಟ್ಟು ಸ್ವರ್ಗದ ಬಾಗಿಲು ದಾಟಲಾರೆನೆಂದ ಧರ್ಮರಾಯನನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ಹೊಗಳಿದ್ದೇನೆ. ಆದರೆ ಆ ಪುಣ್ಯಾತ್ಮ ದೇವೇಂದ್ರನಿಗೆ ಕರಾರುಪತ್ರ ಬರೆದುಕೊಟ್ಟಿರಲಿಲ್ಲ. ನಾನು ಬರೆದುಕೊಟ್ಟಿದ್ದೆ.

ನಂಜನಗೂಡಿನಲ್ಲಿ ನಾವಿರುವುದು ಭೋಗ್ಯದ ಮನೆ. ಮೂರಂತಸ್ತಿನ ಕಟ್ಟಡದ ನಡುವಣ ಮಹಡಿ. ಭೋಗ್ಯವೆಂದರೇನೆಂದು ಓದುಗರಿಗೆ ವಿವರಿಸಬೇಕಾಗಿಲ್ಲ: ಇಡಿಗಂಟು ಕೊಟ್ಟು, ತಿಂಗಳ ಬಾಡಿಗೆಯ ಕಾಟವಿಲ್ಲದೆ ಇದ್ದು, ಬಿಡುವಾಗ ಗಂಟನ್ನು ಹಿಂದಕ್ಕೆ ಪಡೆಯುವುದು. ಆ ಪತ್ರದ ಒಂಬತ್ತನೆಯ ಕಲಮು, ‘ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳಕೂಡದು’ ಎಂದಿತ್ತು. ರುಜು ಹಾಕುವಾಗ ಅದು ನಮಗೆ ಸಂಬಂಧಿಸಿದ್ದೆಂದು ತೋರಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಮಗಳು ಕಪಿಲೆಯ ಸ್ನಾನಘಟ್ಟದಿಂದ ನೆನೆದ ನಾಯಿಮರಿಯೊಂದನ್ನು ಎತ್ತಿಕೊಂಡು ಬಂದಳು. ಎರಡು ದಿನವೆಂದದ್ದು ಎರಡು ತಿಂಗಳಾಯಿತು. ಟಿಪ್ಪುವಿನ ಆನೆಯ ಕಣ್ಣು ವಾಸಿಮಾಡಿ ‘ಹಕೀಮ ನಂಜುಂಡ’ನೆನಿಸಿಕೊಂಡ ದೇವರ ಊರಿನಲ್ಲಿ ಒಂದು ಮರಿಗೆ ಜಾಗವಿಲ್ಲವೆ ಎಂದು ಮನೆಯಾಕೆಯ ವಾದ.

ಅಂದಿನಿಂದ ನಮ್ಮದು ಕಳ್ಳರ ಬಾಳು. ಮನೆಯ ಯಜಮಾನರು ತಿರುಮಕೂಡಲು ನರಸೀಪುರದವರು. ಅವರು ಬರುವ ದಿನ ಮರಿಯನ್ನು ಪಕ್ಕದ ಬೀದಿಗೆ ಸಾಗಿಸುವುದು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ ಟೀವಿಯ ಧ್ವನಿ ಏರಿಸುವುದು. ಒಂದು ದಿನ ಮಗಳು ಕೇಳಿದಳು: “ಅಪ್ಪ, ಪುಣ್ಯಕೋಟಿ ಹುಲಿ ಹತ್ರಾನೂ ಸುಳ್ಳು ಹೇಳಲಿಲ್ಲ. ನಾವ್ಯಾಕೆ ಓನರ್ ಹತ್ರ ಹೇಳ್ತೀವಿ?”

ಕಾನೂನಿನ ಆಸರೆ ಹುಡುಕಿದೆ. ಫ್ರಾನ್ಸಿನಲ್ಲಿ 1970ರ ಶಾಸನವೇ ಇಂಥ ಷರತ್ತನ್ನು ಅಸಿಂಧುಗೊಳಿಸಿದೆಯಂತೆ. ವಸತಿ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲವೆಂದು ನಮ್ಮ ಪ್ರಾಣಿ ಕಲ್ಯಾಣ ಮಂಡಲಿಯೂ 2015ರಲ್ಲಿ ತಿಳಿಸಿತು. ಆದರೆ ಅದು ಮುಖ್ಯವಾಗಿ ಸಂಘಗಳಿಗೆ ಹೇಳಿದ ಮಾತು; ನಾನು ಕೈಯಾರೆ ರುಜು ಹಾಕಿದ ಕಾಗದವನ್ನು ಅದು ಅಳಿಸೀತೆಂದು ನೆಚ್ಚುವಂತಿರಲಿಲ್ಲ.

“ನರಸೀಪುರದ ಕಡೆ ಯಾವುದಾದರೂ ತೋಟದಲ್ಲಿ ಬಿಟ್ಟು ಬನ್ನಿ” ಎಂದರು ನೆರೆಯವರು. 2022ರ ಕೊನೆಯಿಂದ 2023ರ ಮೊದಲವರೆಗೆ ಚಿರತೆ ಮನುಷ್ಯರನ್ನೇ ಬಲಿತೆಗೆದುಕೊಂಡ ತಾಲ್ಲೂಕು ಅದು. ಚಿರತೆಗೆ ನಾಯಿ ಸುಲಭದ ತುತ್ತು. ಮೇಲಾಗಿ, ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಒಡ್ಡಿ ತೊರೆಯುವುದು 1960ರ ಕಾಯಿದೆಯಂತೆ ಅಪರಾಧ.

ಉಳಿದದ್ದು ಒಂದೇ ದಾರಿ. ಭಾನುವಾರ ಬಸ್ಸು ಹತ್ತಿದೆ. ನರಸೀಪುರ ಕಪಿಲೆಯು ಕಾವೇರಿಯನ್ನು ಕೂಡುವ ಊರು. ನಾವಿಬ್ಬರು ಕೂಡುವೆವೋ ಅಗಲುವೆವೋ ಎಂಬ ಅಳುಕು ನನಗೆ.

“ನಾಯಿ ಬಂದು ಎರಡು ತಿಂಗಳಾಯಿತು, ಯಜಮಾನರೇ. ಮುಚ್ಚಿಟ್ಟದ್ದು ನನ್ನ ತಪ್ಪು” ಎಂದೆ.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮೇಷ್ಟ್ರೇ, ನಂಗೂ ನಾಯಿ ಮೇಲೆ ಹಗೆ ಇಲ್ಲ. ನಿಮಗಿಂತ ಮುಂಚೆ ಇದ್ದವರ ನಾಯಿ, ಮೆಟ್ಟಿಲು ಗುಡಿಸೋ ಅಮ್ಮನ್ನ ಕಚ್ತು. ಅವರು ಗಂಟು ಇಸ್ಕೊಂಡು ಹೊರಟುಹೋದ್ರು. ಆಯಮ್ಮನ್ನ ಸೂಜಿಗೆ ಐದು ಸಲ ಆಸ್ಪತ್ರೆಗೆ ಕರ್ಕೊಂಡು ಹೋದೋನು ನಾನು. ಆ ಕಲಮು ಆಮೇಲೆ ಬರೆಸಿದ್ದು” ಎಂದರು.

ನಾನು ತಲೆ ತಗ್ಗಿಸಿದೆ. ಕಲಮಿನ ಹಿಂದೆ ಒಬ್ಬ ಹೆಂಗಸಿನ ಗಾಯವಿದ್ದೀತೆಂದು ಊಹಿಸಿಯೇ ಇರಲಿಲ್ಲ. ಈ ಎರಡು ತಿಂಗಳೂ ಆಕೆ ಅದೇ ಮೆಟ್ಟಿಲುಗಳನ್ನು ಗುಡಿಸಿದ್ದರು. ಆಕೆಗೂ ನಾವು ಒಂದು ಮಾತು ಹೇಳಿರಲಿಲ್ಲ.

ಹೊಸ ಕಾಗದವಾಯಿತು: ವರ್ಷವರ್ಷ ರೇಬೀಸ್ ಲಸಿಕೆ ಹಾಕಿಸಿ ಚೀಟಿ ತೋರಿಸತಕ್ಕದ್ದು; ಮೆಟ್ಟಿಲ ಮೇಲೆ ಸರಪಳಿ ತಪ್ಪಕೂಡದು; ಬಾಗಿಲು, ಬಣ್ಣ ಹಾಳಾದರೆ ಗಂಟಿನಲ್ಲಿ ಮುರಿದುಕೊಳ್ಳಬಹುದು; ಗುಡಿಸುವಾಕೆ ಒಪ್ಪದಿದ್ದರೆ ಈ ಅನುಮತಿ ರದ್ದು. ಕೊನೆಯದನ್ನು ಸೇರಿಸಿದವನು ನಾನು.

ಮರುದಿನ ಆಕೆಗೆ ಎಲ್ಲವನ್ನೂ ಹೇಳಿದೆ. ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ, “ನಂಗೊತ್ತಿತ್ತು ಸ್ವಾಮಿ, ಟೀವೀಲಿ ಅಷ್ಟೊಂದು ನಾಯಿ ಬೊಗಳ್ತಾವಾ? ನಾನು ಬರೋ ಹೊತ್ತಿಗೆ ಕಟ್ಟಾಕಿರಿ, ಅಷ್ಟೇ ಸಾಕು” ಎಂದರು.

ಧರ್ಮರಾಯನ ಪಾಠ ಈ ವರ್ಷವೂ ಇದೆ. ದನಿಯನ್ನು ಸ್ವಲ್ಪ ತಗ್ಗಿಸಿ ಹೇಳಬೇಕು.